ಕೇರ್ ಪ್ಲಾನ್ ವಾರ್ಡಿನಲ್ಲಿ ನಿಜವಾಗಿ ನಡೆಯುತ್ತದಾ?

ಹೊಸ_ಸ್ಟಾಫ್: ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಈಗ ಮೆಡಿಕಲ್ ವಾರ್ಡಿನಲ್ಲಿದ್ದೇನೆ. ಕಾಲೇಜಿನಲ್ಲಿ ಕೇರ್ ಪ್ಲಾನ್, ಅಂದರೆ ರೋಗಿಯ ಆರೈಕೆಯ ಬರಹದ ಯೋಜನೆ ಅಂತ, ಒಬ್ಬ ರೋಗಿಗೆ ಅಸೆಸ್‌ಮೆಂಟ್ (ಪರೀಕ್ಷಿಸಿ ನೋಡೋದು), ಡಯಾಗ್ನೋಸಿಸ್ (ತೊಂದರೆ ಗುರುತಿಸೋದು), ಪ್ಲಾನಿಂಗ್, ಇಂಪ್ಲಿಮೆಂಟೇಶನ್ (ಮಾಡೋದು), ಇವ್ಯಾಲ್ಯುಯೇಶನ್ (ಫಲ ಸಿಕ್ಕಿತಾ ಅಂತ ನೋಡೋದು) ಅಂತ ಪುಟಗಟ್ಟಲೆ ಬರೆಯುತ್ತಿದ್ದೆವು. ಇಲ್ಲಿ ರಾತ್ರಿ ಇಡೀ ವಾರ್ಡಿಗೆ ಇಬ್ಬರೇ. ಇಂಜೆಕ್ಷನ್, ಡ್ರಿಪ್, ಇಂಡೆಂಟ್ (ವಾರ್ಡಿಗೆ ಬೇಕಾದ ಔಷಧಿ, ಸಾಮಾನಿನ ಬೇಡಿಕೆ ಪಟ್ಟಿ), ಹೊಸ ಅಡ್ಮಿಷನ್ ಅನ್ನುವಷ್ಟರಲ್ಲಿ ಬೆಳಗಾಗುತ್ತದೆ, ಕೇರ್ ಪ್ಲಾನ್ ಫಾರಂ ಮಾತ್ರ ಡ್ಯೂಟಿ ಕೊನೆಗೆ ಕೂತು ಎಲ್ಲರಿಗೂ ಒಂದೇ ಥರ ತುಂಬುತ್ತೇವೆ. ನಿಮ್ಮಲ್ಲಿ ಹೇಗೆ?

ಸೀನಿಯರ್_ಸಿಸ್ಟರ್: ಫಾರಂ ಬಿಡಮ್ಮ, ಮೊದಲು ರೋಗಿ ನೋಡು. ಸ್ಟ್ರೋಕ್ ಆಗಿ ಮಲಗಿದವರ ಸೊಂಟದ ಹಿಂದೆ ಕೆಂಪಾಗಿದೆ, ಬೆರಳಲ್ಲಿ ಒತ್ತಿದರೂ ಕೆಂಪು ಮಾಸುತ್ತಿಲ್ಲ ಅಂದರೆ ಅದು ಬೆಡ್ ಸೋರ್‌ನ (ಮಲಗಿದಲ್ಲೇ ಇದ್ದು ಒತ್ತಡದಿಂದ ಆಗೋ ಹುಣ್ಣಿನ) ಮೊದಲ ಹಂತ. ಅಲ್ಲಿಗೆ ಅಸೆಸ್‌ಮೆಂಟೂ ಆಯ್ತು, ಡಯಾಗ್ನೋಸಿಸ್ಸೂ ಆಯ್ತು. ಮಗ್ಗಲು ಬದಲಿಸೋದಕ್ಕೆ ಡಾಕ್ಟರ್ ಆರ್ಡರ್ ಕಾಯಬೇಕಾಗಿಲ್ಲ, ಅದು ನಮ್ಮ ತೀರ್ಮಾನ. ನಮ್ಮಲ್ಲಿ ತಪ್ಪಿಹೋಗೋದು ಕೊನೆಯ ಹಂತ, ಇವ್ಯಾಲ್ಯುಯೇಶನ್. ಬೆಳಗಿನವರು ಮಗ್ಗಲು ಬದಲಿಸಿರ್ತಾರೆ, ಆದರೆ ಆ ಕೆಂಪು ಕಡಿಮೆಯಾಯ್ತಾ ಅಂತ ಮಧ್ಯಾಹ್ನದವರು ನೋಡೋದೇ ಇಲ್ಲ, ಯಾಕಂದ್ರೆ ಅವರಿಗೆ ಯಾರೂ ಹೇಳಿರೋದಿಲ್ಲ.

ಐಸಿಯು_ನೈಟ್: ಸಿಸ್ಟರ್ ಹೇಳಿದ್ದು ಸರಿ, ಆದರೆ ಜನ ಇಲ್ಲದೆ ನೋಡೋದು ಯಾರು? ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಟೀಚಿಂಗ್ ಆಸ್ಪತ್ರೆಯ (ವಿದ್ಯಾರ್ಥಿಗಳಿಗೆ ಕಲಿಸೋ ಆಸ್ಪತ್ರೆಯ) ಜನರಲ್ ವಾರ್ಡಿಗೆ 3 ರೋಗಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು. ನೀವು ಕೆಲಸ ಮಾಡೋ ವಾರ್ಡ್ ಎಣಿಸಿ ನೋಡಿ. ಐಸಿಯುನಲ್ಲಿ ನನಗೆ ಒಬ್ಬರೋ ಇಬ್ಬರೋ ಇರ್ತಾರೆ, ಅದಕ್ಕೇ ಗಂಟೆಗೊಮ್ಮೆ ಯೂರಿನ್ ಅಳೆದು, ಕಡಿಮೆಯಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡೋಕೆ ಆಗುತ್ತೆ. ನನ್ನನ್ನೇ ತಂದು ಜನರಲ್ ವಾರ್ಡಿಗೆ ಹಾಕಿದರೆ ನಾನೂ ಔಷಧಿ ಕೊಟ್ಟು ಓಡ್ತೀನಿ. ಇದರ ಮೇಲೆ ಫಾರ್ಮಸಿಗೆ ಹೋಗೋದು, ಬಿಲ್ಲಿಂಗ್‌ನವರಿಗೆ ಉತ್ತರ ಕೊಡೋದು, ಇವೆಲ್ಲ ನರ್ಸ್ ಕೆಲಸಾನಾ? ಅಕ್ರೆಡಿಟೇಶನ್‌ನವರು (ಆಸ್ಪತ್ರೆಯ ಗುಣಮಟ್ಟ ಪರೀಕ್ಷಿಸಿ ಮಾನ್ಯತೆ ಕೊಡೋರು) ಬರೋ ವಾರ ಮಾತ್ರ ಎಲ್ಲರಿಗೂ ಕೇರ್ ಪ್ಲಾನ್ ನೆನಪಾಗುತ್ತೆ, ಅದಕ್ಕೇ ನನಗೆ ಸಿಟ್ಟು.

ಟ್ಯೂಟರ್_ಮೇಡಂ: ನಮ್ಮ ಕಡೆಯ ಲೋಪವನ್ನೂ ಸೇರಿಸಿ. ಉದ್ದ ಬರೆದರೆ ಮಾರ್ಕ್ಸ್ ಅಂತ ಮಕ್ಕಳಿಗೆ ಕಲಿಸುತ್ತೇವೆ. ಈ ಹಂತ ಹಂತದ ವಿಧಾನಕ್ಕೆ ದಾರಿ ಹಾಕಿದ ಅಮೆರಿಕದ ನರ್ಸ್ ಇಡಾ ಜೀನ್ ಒರ್ಲಾಂಡೋ 1961ರಲ್ಲೇ ಹೇಳಿದ್ದು ಬಹಳ ಸರಳ: ರೋಗಿಗೆ ಏನು ಬೇಕು ಅಂತ ನಿಮಗೆ ಅನಿಸಿದ್ದು ಸರಿಯಾ ಅಂತ ಅವರನ್ನೇ ಕೇಳಿ. ಕೇಳೋದಕ್ಕೆ ಭಾಷೆ ಬೇಕಲ್ವಾ? ಬೆಂಗಳೂರಿನಲ್ಲಿ ಕೇರಳದಿಂದ ಬಂದ ಎಷ್ಟೋ ಒಳ್ಳೆಯ ನರ್ಸ್‌ಗಳಿದ್ದಾರೆ, ಹಳ್ಳಿಯಿಂದ ಬಂದ ಅಜ್ಜಿ ತನ್ನ ನೋವು ಹೇಳಿಕೊಂಡರೆ ಆಯಾ ಬಂದು ಅರ್ಥ ಹೇಳಬೇಕು. ಸೇರಿದ ಮೊದಲ ತಿಂಗಳಲ್ಲೇ ಆಸ್ಪತ್ರೆಯವರು ಕನ್ನಡ ಕಲಿಸಬೇಕು, ಇದು ಖರ್ಚಲ್ಲ.

ಹೊಸ_ಸ್ಟಾಫ್: ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಕ್ಕ. ಸ್ಟಾಫ್ ಹೆಚ್ಚಿಸೋದು ನನ್ನ ಕೈಲಿಲ್ಲ. ನಾಳೆಯಿಂದ ಏನು ಮಾಡಬಹುದು?

ಸೀನಿಯರ್_ಸಿಸ್ಟರ್: ಹ್ಯಾಂಡೋವರ್ (ಮುಂದಿನ ಶಿಫ್ಟಿನವರಿಗೆ ರೋಗಿಗಳ ವಿಷಯ ಒಪ್ಪಿಸೋದು) ನರ್ಸ್‌ಗಳ ಸ್ಟೇಷನ್ನಿನಲ್ಲಿ ಕೂತು ಕೊಡಬೇಡ, ಬೆಡ್ ಹತ್ತಿರ ಕೊಡು. ತುಂಬಾ ಸೀರಿಯಸ್ ಇರೋ ಮೂರು ನಾಲ್ಕು ಜನರಿಗೆ ಮಾತ್ರ ಸರಿಯಾದ ಪ್ಲಾನ್ ಬರಿ, ಮುಂದಿನ ಶಿಫ್ಟಿನವರು ಏನು ನೋಡಬೇಕು ಅನ್ನೋದನ್ನ ಒಂದು ಸಾಲಲ್ಲಿ ಹಾಕು. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮೊದಲೇ ಮಾತಾಡು, ಅವರು ಒಪ್ಪಿದರೆ ಉಳಿದವರೂ ಮಾಡ್ತಾರೆ.