ಕಾಲು ಉರಿಯುತ್ತಾ ಅಂತ ಕೇಳಿದರೆ ಸಾಲದಾ?

ಸಂಜೆಪಾಳಿ: ನಾನು ಎಆರ್‌ಟಿ (ಎಚ್‌ಐವಿ ಔಷಧಿ) ಕ್ಲಿನಿಕ್‌ನಲ್ಲಿ ನರ್ಸ್. ನರತಜ್ಞರಿಲ್ಲ, ನರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಅಳೆಯುವ ನರ್ವ್ ಕಂಡಕ್ಷನ್ ಮೆಷಿನ್ ಇಲ್ಲ. ಎಚ್‌ಐವಿ ಇರುವ ಎಲ್ಲರ ಕಾಲಿನ ನರ ಪರೀಕ್ಷಿಸಿ ಅಂತ ಹೊಸ ಡಾಕ್ಟರ್ ಹೇಳುತ್ತಿದ್ದಾರೆ. "ಉರಿಯುತ್ತಾ, ಜೋಮು ಹಿಡಿಯುತ್ತಾ" ಅಂತ ಕೇಳಿದರೆ ಸಾಲದಾ?

ಹಳೇಸ್ಟೆತ್: ಸಾಲದು ಮೇಡಂ. ಉರಿ ಇದ್ದವರು ತಾವೇ ಹೇಳುತ್ತಾರೆ. ಮರಗಟ್ಟಿದವರಿಗೆ ಹೇಳುವುದಕ್ಕೆ ಏನೂ ಇರುವುದಿಲ್ಲ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ (ಮಿಡಿದರೆ ನಡುಗುವ ಲೋಹದ ಕವಲು) ಜೋರಾಗಿ ಮಿಡಿದು ಕಾಲಿನ ಹೆಬ್ಬೆರಳ ಗೆಣ್ಣಿನ ಮೇಲೆ ಇಡಿ. ನಡುಕ ನಿಂತ ತಕ್ಷಣ ಹೇಳಿ ಅನ್ನಿ. 10 ಸೆಕೆಂಡಿನೊಳಗೇ "ನಿಂತಿತು" ಅಂದರೆ ನರ ಕೆಟ್ಟಿರಬಹುದು ಅಂತ ಅನುಮಾನ ಪಡಿ. ಆಮೇಲೆ ಹಿಮ್ಮಡಿ ಹಿಂದಿನ ಗಟ್ಟಿ ಹುರಿಗೆ ಸುತ್ತಿಗೆಯಿಂದ ತಟ್ಟಿ, ಪಾದ ಜಿಗಿಯುತ್ತಾ ನೋಡಿ; ಜಿಗಿಯದಿದ್ದರೂ ಅನುಮಾನವೇ. ಎರಡೂ ಕಾಲಿಗೆ ಐದು ನಿಮಿಷ.

ಲೆಕ್ಕಪಕ್ಕಾ: ಐದು ನಿಮಿಷ ಅಂತ ಬರೆಯೋದು ಸುಲಭ. 40 ಜನ ಬಂದರೆ 200 ನಿಮಿಷ ಆಯ್ತು ಸರ್! ಪತ್ತೆ ಹಚ್ಚಿ ಮಾಡುವುದಾದರೂ ಏನು? ನರನೋವಿಗೆ ಎಲ್ಲರೂ ಬರೆದುಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ, ಎಚ್‌ಐವಿ ನರನೋವಿನ ಪ್ರಯೋಗಗಳಲ್ಲಿ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ವಯಸ್ಸಾದವರಲ್ಲಿ ಪಾದ ಸುಮ್ನೆ ಕೂಡ ಜಿಗಿಯದೇ ಇರಬಹುದು. ಅವರಿಗೂ ರೋಗದ ಚೀಟಿ ಅಂಟಿಸುತ್ತೀರಾ?

ಹಳೇಸ್ಟೆತ್: ಅದಕ್ಕೇ ಲಕ್ಷಣವೂ ಇರಬೇಕು, ಪರೀಕ್ಷೆಯಲ್ಲೂ ಸಿಗಬೇಕು ಅನ್ನುವುದು. ಒಂದೇ ಇದ್ದರೆ ಬರೆದಿಟ್ಟುಕೊಂಡು ಮುಂದಿನ ಸಲ ಮತ್ತೆ ನೋಡಿ. ಮಾಡುವುದು ಏನು ಅಂದಿರಲ್ಲ, ಕಾರಣ ಹುಡುಕುವುದು. ಹಿಂದೆ ಸ್ಟಾವುಡಿನ್ ಅನ್ನುವ ಎಚ್‌ಐವಿ ಮಾತ್ರೆ ಎಷ್ಟು ಜನರ ಕಾಲು ಕೆಡಿಸಿತು! ಅದನ್ನು ಕ್ರಮೇಣ ಕೈಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2009ರಲ್ಲಿ. ಈಗ ಟಿಬಿಗೆ ಐಸೋನಿಯಜಿಡ್ ತಗೊಳ್ಳುವವರನ್ನು ನೋಡಿ. ಜೊತೆಗೆ ಬಿ6 ವಿಟಮಿನ್ ಕೊಡದಿದ್ದರೆ ನರಕ್ಕೆ ಪೆಟ್ಟು ಬೀಳಬಹುದು. ಸಕ್ಕರೆ ಕಾಯಿಲೆ, ಕುಡಿತ, ಬಿ12 ಕೊರತೆಯನ್ನೂ ಕೇಳಿ. ಎಚ್‌ಐವಿಯೇ ನರ ಕೆಡಿಸುತ್ತದೆ ನಿಜ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ.

ಮಾತ್ರೆಡಬ್ಬಿ: ನಾನು ರೋಗಿ. ಒಂದು ದಿನ ಚಪ್ಪಲಿ ಜಾರಿ ಬಿದ್ದಿದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದು ನೋಡಿದರೆ ಒಂದು ಕಾಲು ಬರಿಗಾಲು, ಅಂಗಾಲಲ್ಲಿ ಗಾಜಿನ ಚೂರು. ನೋವೇ ಇರಲಿಲ್ಲ. ಅಲ್ಲಿಯವರೆಗೆ ಯಾರೂ ನನ್ನ ಸಾಕ್ಸ್ ಬಿಚ್ಚಿಸಿರಲಿಲ್ಲ.

ಲೆಕ್ಕಪಕ್ಕಾ: ಸರಿ, ಸೋತೆ. ಆದರೂ ಫೋರ್ಕ್ ನೋಡುವುದು ದಪ್ಪ ನರತಂತುಗಳನ್ನು ಮಾತ್ರ. ಉರಿ, ಚುಚ್ಚು ನೋವು ಸಣ್ಣ ತಂತುಗಳದ್ದು. ಫೋರ್ಕ್ ಸರಿ ಇದೆ, ನಿಮಗೇನೂ ಆಗಿಲ್ಲ ಅಂತ ಕಳಿಸಬೇಡಿ.

ಸಂಜೆಪಾಳಿ: ಎಲ್ಲರಿಗೂ ತಿಂಗಳು ತಿಂಗಳು ಆಗಲ್ಲ. ಎಆರ್‌ಟಿ ಶುರು ಮಾಡುವಾಗ, ಟಿಬಿ ಮಾತ್ರೆ ಶುರು ಮಾಡುವಾಗ, ಆಮೇಲೆ ವರ್ಷಕ್ಕೊಮ್ಮೆ. ಇಷ್ಟು ಮಾಡಬಹುದು. ಬೀರುವಿನಲ್ಲಿ ಒಂದು ಫೋರ್ಕ್ ಸಿಕ್ಕಿತು, 512 ಅಂತ ಕೆತ್ತಿದೆ. ನಡೆಯುತ್ತಾ?

ಹಳೇಸ್ಟೆತ್: ಇಲ್ಲ ಮೇಡಂ, ಅದು ಕಿವಿ ಪರೀಕ್ಷೆಯದು. 128 ತರಿಸಿ.