ಹುರಿಯದ ಕಾಫಿ ಬೀಜ: ಯಾವ ತೋಟದ್ದು ತರೋದು?

ಶಿವಮೊಗ್ಗದಿಂದ: ಮನೇಲೇ ಬಾಣಲೇಲಿ ಕಾಫಿ ಹುರಿಯೋ ಹುಚ್ಚು ಹತ್ತಿದೆ. ಆಳುಗಳಿಗೆ ಸರಿಯಾಗಿ ಕೂಲಿ ಕೊಡೋ, ನೆರಳಿನ ಮರ ಕಡಿಯದ ತೋಟದ ಬೀಜ ಬೇಕು. ಚೀಲದ ಮೇಲಿನ ಹಸಿರೆಲೆ ಚಿತ್ರ ನಂಬಿ ಹೋದ ಸಲ ತಂದೆ. ಅರ್ಧ ಕರಿ ಬೀಜ!

ಕೊಪ್ಪದ ಬೆಳೆಗಾರ: ಕೊಯ್ಲಿಗೇ ಬನ್ನಿ ಮಾರಾಯ್ರೆ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಆಮೇಲೆ. ನೆರಳಿಗೆ ಬರೀ ಸಿಲ್ವರ್ ಓಕ್ ಇದೆಯೋ, ಹಲಸು, ಅತ್ತಿ, ನಂದಿಯೂ ಇವೆಯೋ ತಲೆಯೆತ್ತಿ ನೋಡಿ. ಕೂಲಿ ಎಷ್ಟಂತ ಲೈನ್ ಮನೆಯಲ್ಲಿರೋ ಆಳುಗಳನ್ನೇ ಕೇಳಿ. ನಮ್ಮನ್ನಲ್ಲ, ನಾವು ಹೇಳೋದು ಗೊತ್ತಿದ್ದದ್ದೇ!

ತೀರ್ಥಹಳ್ಳಿಯಿಂದ: ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರೋ ಬೀಜ) ತಗೊಂಡ್ರೆ ಸಿಪ್ಪೆ ಬಿಡಿಸಿದ ಮೇಲೆ 100 ಕೆಜಿಗೆ ಸುಮಾರು 80 ಉಳಿಯುತ್ತೆ, ಲೆಕ್ಕ ಹಾಕಿಯೇ ದರ ಮಾತಾಡಿ. ಮಳೆಗಾಲಕ್ಕೆ ಮೊದಲೇ ಡಬ್ಬಿಗೆ ತುಂಬಿ.

ಶಿವಮೊಗ್ಗದಿಂದ: ಸರಿ, ಡಿಸೆಂಬರ್‌ಗೆ ಕೊಪ್ಪದ ಬಸ್ಸು ಹತ್ತಿದೆ ಅಂದ್ಕೊಳ್ಳಿ.