ವೈನಿ, ಹೊಸ ಮಷೀನಿಗೆ ಈಗಲೇ ದುಡ್ಡು ಕೊಡಬೇಡಿ

ವೈನಿ, ನಿಮ್ಮ ಮೆಸೇಜು ಓದಿದೆ, ವಿಡಿಯೋನೂ ನೋಡಿದೆ. 8 ವರ್ಷದ ಟಾಪ್ ಲೋಡ್, ಅಂದರೆ ಮೇಲಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನು. ಕೆಳಗಿಂದ ನೀರು ಸೋರಿ ಬಚ್ಚಲು ದಾಟಿ ಅಡುಗೆಮನೆ ಬಾಗಿಲ ತನಕ ಬರುತ್ತಿದೆ. ನೋಡಲು ಬಂದ ಮಿಸ್ತ್ರಿ ಮುಚ್ಚಳ ಎತ್ತಿ, ಕೈಯಿಂದ ಡ್ರಮ್ಮು ತಿರುಗಿಸಿ, ‘ಗೇರ್ ಬಾಕ್ಸ್ ಹೋಗಿದೆ, ಇದನ್ನ ಕೊಟ್ಟು ಹೊಸದು ತಗೊಳ್ಳಿ’ ಅಂದುಬಿಟ್ಟ. ಕಾಕಾನೂ ಗ್ರೂಪಿನಲ್ಲಿ ಹೊಸದೇ ತಗೊಳ್ಳಿ, ಹಬ್ಬದ ಆಫರ್ ಇದೆ ಅಂತ ಹಾಕಿದ್ದಾರೆ. ಇದಕ್ಕೆ ಟೈಪ್ ಮಾಡಿ ಒಂದು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲ್ಲ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಮೊದಲು ಅವ್ವನ ವಿಷಯ. ವಿಡಿಯೋದಲ್ಲಿ ಅವ್ವ ಬರಿಗಾಲಲ್ಲಿ ಒದ್ದೆ ಫರಸಿ ಮೇಲೆ ನಿಂತು ಬಟ್ಟೆ ತೆಗೀತಿದ್ದಾರೆ, ಪಕ್ಕದಲ್ಲೇ ಮಷೀನು ಓಡ್ತಾ ಇದೆ. ಅದನ್ನ ನೋಡಿ ನನಗೆ ಜೀವ ಬಾಯಿಗೆ ಬಂತು. ನಾನು ದಿನಾ ಬೋರಿನ ಮೋಟಾರು ಬಿಚ್ಚಿ ಕಟ್ಟುವವನು. ನೀರು, ಕರೆಂಟು ಎರಡೂ ಒಂದೇ ಕಡೆ ಸೇರಿದರೆ ಏನಾಗುತ್ತೆ ಅಂತ ಗೊತ್ತು. ಸೋರಿಕೆ ನಿಲ್ಲುವ ತನಕ ಅವ್ವನನ್ನ ಆ ಕಡೆ ಬಿಡಬೇಡಿ. ನೀವು ಮುಟ್ಟುವಾಗಲೂ ಕಾಲಿಗೆ ಚಪ್ಪಲಿ ಇರಲಿ. ಮೊದಲು ಎಂಸಿಬಿ (ಬೋರ್ಡಿನಲ್ಲಿ ಕರೆಂಟು ಬಂದ್ ಮಾಡುವ ಸ್ವಿಚ್ಚು) ಇಳಿಸಿ, ಆಮೇಲೆ ಪ್ಲಗ್ ತೆಗೆಯಿರಿ, ನಳ ಬಂದ್ ಮಾಡಿ. ಆ ಪ್ಲಗ್ಗು ಮೂರು ಪಿನ್ನಿನದೇ ಇರಬೇಕು, ಮನೆಯ ಅರ್ಥಿಂಗೂ ಸರಿ ಇರಬೇಕು. ಅರ್ಥಿಂಗ್ ಬಗ್ಗೆ ಅನುಮಾನ ಇದ್ದರೆ ವೈರಿಂಗ್ ಮಾಡುವವರನ್ನ ಕರೆದು ಇವತ್ತೇ ತೋರಿಸಿ.

ಈಗ ಗೇರ್ ಬಾಕ್ಸ್ ಮಾತು. ನಾನು ಇದನ್ನ ಒಪ್ಪಲ್ಲ. ಯಾಕೆ ಅಂದರೆ, ‘ಒಗೆಯುವಾಗ ಸೋರಲ್ಲ, ನೀರು ಹೊರಗೆ ಬಿಡುವಾಗ ಮಾತ್ರ ಸೋರುತ್ತೆ’ ಅಂತ ನೀವೇ ಬರೆದಿದ್ದೀರಿ. ವೈನಿ, ಅರ್ಧ ಉತ್ತರ ಅಲ್ಲೇ ಇದೆ. ಡ್ರಮ್ಮಿನ ತಳದಲ್ಲಿ ತಿರುಗುವ ಶಾಫ್ಟ್ ಇರುತ್ತೆ. ಅದು ಕೆಳಗಿನ ಗೇರ್ ಬಾಕ್ಸಿಗೆ ಸೇರುತ್ತೆ, ಅದರ ಸುತ್ತ ಒಂದು ರಬ್ಬರ್ ಸೀಲು. ಗೇರ್ ಬಾಕ್ಸಿನ ಕಡೆಯಿಂದ ನೀರು ಬರಬೇಕಾದರೆ ಈ ಸೀಲು ದಾಟಿಯೇ ಬರಬೇಕು. ಆ ಸೀಲು ಹೋಗಿದ್ದರೆ ಟಬ್ಬಿನಲ್ಲಿ (ಡ್ರಮ್ಮಿನ ಹೊರಗಿನ ತೊಟ್ಟಿ) ನೀರು ನಿಂತಾಗಲೂ ತೊಟ್ಟಿಕ್ಕಬೇಕು, ಒಗೆಯುವಾಗಲಂತೂ ಸುರಿಯಬೇಕು. ಬರೀ ನೀರು ಬಿಡುವಾಗ ಬರುತ್ತೆ ಅಂದರೆ, ನೀರು ಹೊರಗೆ ಹೋಗುವ ದಾರಿಯಲ್ಲೇ ಎಲ್ಲೋ ತೂತು ಬಿದ್ದಿದೆ ಅಂತ ನನ್ನ ಲೆಕ್ಕ. ಬಹುಶಃ ಡ್ರೇನ್ ಪೈಪು.

ಸುಮ್ನೆ ಲೆಕ್ಕ ಹಾಕೋದು ಬೇಡ, ನೋಡಿಯೇ ಬಿಡೋಣ. ಮಷೀನಿನ ಸುತ್ತ, ಕೆಳಗೂ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹಳೆ ಪೇಪರ್ ಹಾಳೆಗಳನ್ನ ಬಿಡಿಸಿ ಮಷೀನಿನ ಕೆಳಗೆ ತಳ್ಳಿ, ಹಿಂದಿನ ಮೂಲೆ ತನಕ ಹೋಗಲಿ. ಬಟ್ಟೆ, ಪೌಡರ್ ಏನೂ ಹಾಕದೆ ಪೂರ್ತಿ ನೀರು ತುಂಬಿಸಿ, ಮಷೀನು ನಿಲ್ಲಿಸುವ ಪಾಜ್ (Pause) ಗುಂಡಿ ಒತ್ತಿ ಅರ್ಧ ಗಂಟೆ ಹಾಗೇ ಬಿಡಿ. ಎಂಸಿಬಿ ಇಳಿಸಿ ಹಾಳೆ ನೋಡಿ. ಒಣಗೇ ಇದ್ದರೆ ಟಬ್ಬಿಗೆ ಏನೂ ಆಗಿಲ್ಲ, ಸೀಲು ಕೂಡ ನೀರು ಹಿಡೀತಿದೆ. ನಟ್ಟನಡುವೆ ದುಂಡಗೆ ಒದ್ದೆಯಾಗಿದ್ದರೆ, ಅದರಲ್ಲೂ ತುಕ್ಕಿನ ಬಣ್ಣ ಹತ್ತಿದ್ದರೆ ಮಾತ್ರ ಮಿಸ್ತ್ರಿ ಮಾತಿಗೆ ಬೆಲೆ. ಹಾಳೆ ಒಣಗಿದ್ದರೂ ಬಚ್ಚಲಿಗೆ ಬಿಟ್ಟ ಪೈಪಿನ ತುದಿಯಿಂದ ನೀರು ಸಣ್ಣಗೆ ಹೋಗ್ತಾನೇ ಇದ್ದರೆ ಅದು ಬೇರೆ ಕಥೆ. ಒಳಗಿನ ಡ್ರೇನ್ ವಾಲ್ವಿನಲ್ಲಿ ಪಿನ್ನೋ, ಗುಂಡಿಯೋ, ದಾರದ ಉಂಡೆಯೋ ಸಿಕ್ಕು ಅದು ಪೂರ್ತಿ ಮುಚ್ಚುತ್ತಿಲ್ಲ. ಅದನ್ನ ಬಿಚ್ಚಿ ತೊಳೆದರೆ ಆಯ್ತು.

ಹಾಳೆ ಒಣಗಿದ್ದರೆ ಮುಂದಿನದು, ಎಂಸಿಬಿ ತಿರುಗಿ ಏರಿಸಿ, ಸ್ಪಿನ್ನಿಗೆ (ಬಟ್ಟೆ ಹಿಂಡುವ ಸುತ್ತು) ಹಾಕಿ ನೀರು ಬಿಡಿ. ನೀವು ದೂರ ನಿಂತು ಟಾರ್ಚ್ ಬಿಟ್ಟು ಹಿಂದಿನ ಕೆಳಭಾಗ ನೋಡಿ. ನಿಮ್ಮ ಮಷೀನಿನಲ್ಲಿ ಪೈಪು ನೆಲದ ಮೇಲೇ ಮಲಗಿದೆ, ಅಂದರೆ ಪಂಪ್ ಇಲ್ಲ, ನೀರು ತನ್ನ ಭಾರಕ್ಕೇ ಇಳಿದು ಹೋಗುತ್ತೆ. ಅಂಥ ಪೈಪು ಮಡಚಿದ ಕಡೆ ಸೀಳೋದು ಜಾಸ್ತಿ. ಇನ್ನೊಂದು, ಇಲಿ. ಸುತ್ತ ಖಾಲಿ ಸೈಟು ಇರುವ ಕಡೆ ಇಲಿ ಕಾಟ ತಪ್ಪಿದ್ದಲ್ಲ. ಮಷೀನಿನ ತಳ ತೆರೆದೇ ಇರುತ್ತೆ, ಅವು ಒಳಗೆ ಸೇರಿ ಪೈಪು ಕಡಿಯುತ್ತವೆ. ನಮ್ಮ ಅಂಗಡಿಗೆ ಒಂದು ಪೈಪು ಬಂದಿತ್ತು. ಸುಕ್ಕು ಸುಕ್ಕಾದ ಆ ಬೂದು ಪೈಪಿನ ಒಂದೇ ಮಗ್ಗುಲಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು, ನಡುವೆ ಕಡಲೆ ಗಾತ್ರದ ತೂತು. ಕೈಯಲ್ಲಿ ಹಿಡಿದು ನೋಡಿದರೆ ಕಾಣಲ್ಲ, ಬಗ್ಗಿಸಿದರೆ ಬಾಯಿ ಬಿಡುತ್ತೆ. ನಿಮ್ಮದನ್ನೂ ಹಾಗೇ ಬಗ್ಗಿಸಿ ನೋಡಿ. ಹೊಸ ಪೈಪಿಗೆ ಕೆಲವು ನೂರು ರೂಪಾಯಿ. ಅದರ ಜೊತೆ ತಳಕ್ಕೆ ಇಲಿ ಜಾಳಿಗೆನೂ ಹಾಕಿಸಿಬಿಡಿ.

ನಳದ ಕಡೆಯ ಪೈಪನ್ನೂ ಹಾಗೇ ಬಿಡಬೇಡಿ. ಮನೆಯ ಬೋರಿನ ನೀರು ಎಷ್ಟು ಸವಳು ಅಂತ ನಿಮ್ಮ ಬಾಂಡೆಗಳ ಮೇಲಿನ ಬಿಳಿ ಕಲೆ ನೋಡಿದರೇ ಗೊತ್ತಾಗುತ್ತೆ ಅಲ್ವಾ? ಅದೇ ಬಿಳುಪು ಮಷೀನಿಗೆ ನೀರು ಹೋಗುವ ಬಾಯಿಯ ಸಣ್ಣ ಜಾಲರಿಯಲ್ಲೂ ಕೂತಿರುತ್ತೆ. ನಳ ಬಂದ್ ಮಾಡಿ ಪೈಪು ಬಿಚ್ಚಿ, ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿದ್ದರೆ ಹೊಸದು ಹಾಕಿ. ತಿರುಗಿ ಕೂರಿಸುವಾಗ ಪ್ಲಾಸ್ಟಿಕ್ ನಟ್ಟನ್ನ ಕೈಯಿಂದ ಬಿಗಿ ಮಾಡಿದರೆ ಸಾಕು. ಪಕ್ಕಡ್ ಹಾಕಿದರೆ ಥ್ರೆಡ್ ಕಿತ್ತು ಹೋಗುತ್ತೆ.

ಇನ್ನೊಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಾನವಮಿ ಹಬ್ಬಕ್ಕೆ ಮನೆಯ ಹಾಸಿಗೆ ಎಲ್ಲಾ ಒಗೆದಿರಲ್ಲ, ಕೌದಿ ಇದರಲ್ಲೇ ಹಾಕಿದಿರಾ? ಹಳೆ ಸೀರೆಗಳನ್ನ ಪದರ ಪದರ ಸೇರಿಸಿ ಹೊಲಿದ ಕೌದಿ ನೀರು ಕುಡಿದರೆ ಒಬ್ಬರಿಗೆ ಎತ್ತೋಕೂ ಆಗಲ್ಲ. ಸ್ಪಿನ್ನಿನಲ್ಲಿ ಅದು ಒಂದೇ ಕಡೆ ಗುಡ್ಡೆಯಾಗಿ ಕೂರುತ್ತೆ, ಡ್ರಮ್ಮು ಮಗ್ಗುಲಿಗೆ ಬಡಿಯುತ್ತೆ, ಇಡೀ ಮಷೀನು ಜಾಗ ಬಿಟ್ಟು ಕುಣಿಯುತ್ತೆ. ಆಗಲೇ ಪೈಪು ಕ್ಲಿಪ್ಪಿನಿಂದ ಸರಿಯೋದು. ಸೋರಿಕೆ ಶುರುವಾದದ್ದು ಹಬ್ಬದ ನಂತರವೇ ಆಗಿದ್ದರೆ ಮೊದಲು ಆ ಕ್ಲಿಪ್ಪು ನೋಡಬೇಕು. ಅವ್ವ ಹೊಲಿದ ಕೌದಿ ಅದು, ಅದಕ್ಕೂ ಮಷೀನಿನ ಹೊಡೆತ ಬೇಡ. ಕಲ್ಲಿನ ಮೇಲೆ ಒಗೆಸಿ, ಆಳು ಹಚ್ಚೋಣ, ಆ ದುಡ್ಡು ನಾನು ಕೊಡ್ತೀನಿ.

ಇನ್ನು ಕಾಕಾ ಹೇಳಿದ ಹೊಸದರ ವಿಷಯ. ಕಾಕಾ, ನೀವು ಹೇಳೋದು ಪೂರ್ತಿ ತಪ್ಪು ಅಂತಲ್ಲ. ಸೀಲು, ಬೇರಿಂಗು ಎರಡೂ ಹೋಗಿದ್ದರೆ ಪೂರ್ತಿ ಬಿಚ್ಚಬೇಕು. ಸಾಮಾನು, ಕೂಲಿ ಸೇರಿ ಸಾವಿರಗಳ ಲೆಕ್ಕ ಆಗುತ್ತೆ. ಹೊಸದರ ಕಿಮ್ಮತ್ತಿನ ಅರ್ಧಕ್ಕೆ ಹತ್ತಿರ ಬಂದರೆ 8 ವರ್ಷದ ಮಷೀನಿಗೆ ಅಷ್ಟು ಹಾಕಬಾರದು. ತಳದ ತಗಡು ತುಕ್ಕು ತಿಂದು ಬೆರಳಿಗೆ ಉದುರುತ್ತಿದ್ದರೂ ಬಿಟ್ಟುಬಿಡೋಣ. ಆದರೆ ಇದು ಯಾವುದೂ ಗೊತ್ತಿಲ್ಲದೆ ಒಬ್ಬ ಮುಚ್ಚಳ ಎತ್ತಿ ನೋಡಿ ಹೇಳಿದ ಅಂತ ಮನೆಯ ದುಡ್ಡು ಹಾಕೋದು ನನಗೆ ಸರಿ ಕಾಣಲ್ಲ. ಇನ್ನೊಮ್ಮೆ ಯಾರನ್ನಾದರೂ ಕರೆದರೆ ಹಿಂದಿನ ಮುಚ್ಚಳ ಬಿಚ್ಚಿಸಿ, ಎಲ್ಲಿಂದ ಬರುತ್ತೆ ಅಂತ ಕಣ್ಣಿಗೆ ತೋರಿಸೋಕೆ ಹೇಳಿ. ಸಾಮಾನಿಗೆ ಎಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಬದಲಿಸಿದ ಹಳೆ ಸಾಮಾನು ನಿಮ್ಮ ಕೈಗೇ ಕೊಡಲಿ.

ಜಿಎಸ್‌ಟಿ ಇಳಿದಿದೆ ಅಂತ ಆಫರಿಗೆ ಅವಸರ ಪಡಬೇಡಿ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದದ್ದು ಎಸಿಗೆ, ದೊಡ್ಡ ಟಿವಿಗೆ, ಪಾತ್ರೆ ತೊಳೆಯುವ ಮಷೀನಿಗೆ. ಬಟ್ಟೆ ಒಗೆಯುವ ಮಷೀನಿಗೆ 2018ರ ಜುಲೈನಲ್ಲೇ 28ರಿಂದ ಶೇಕಡಾ 18ಕ್ಕೆ ಇಳಿದಿತ್ತು. ಇನ್ನೊಂದು, ಹೊಸ ಮಷೀನಿನ ಮೇಲೆ ಬರೆದಿರುವ ‘10 ವರ್ಷ ವಾರಂಟಿ’ ಬರೀ ಮೋಟಾರಿನದು. ಪೈಪು, ಸೀಲು, ಬೋರ್ಡು ಅದರಲ್ಲಿ ಬರಲ್ಲ. ಬಿಲ್ಲು ಕೊಡುವ ಮೊದಲು ಇದನ್ನ ಕೇಳಿ.

ತಗೊಳ್ಳಲೇಬೇಕಾದರೆ ಫ್ರಂಟ್ ಲೋಡ್ (ಮುಂದಿನಿಂದ ಬಟ್ಟೆ ಹಾಕುವದು) ಬೇಡ ಅಂತ ನನ್ನ ಮಾತು. ಅದು ನೀರು ಕಡಿಮೆ ಕುಡಿಯುತ್ತೆ, ಬಟ್ಟೆನೂ ಚೆನ್ನಾಗಿ ಒಗೆಯುತ್ತೆ, ಒಪ್ತೀನಿ. ಆದರೆ ಒಳಗೆ ಸುಮಾರು 2000 ವ್ಯಾಟಿನ ಹೀಟರ್ ಇರುತ್ತೆ, ಸವಳು ನೀರಿಗೆ ಅದರ ಮೇಲೆ ಸುಣ್ಣದ ಪದರ ಕಟ್ಟುತ್ತೆ. ಅದಕ್ಕೆ 16 ಆಂಪಿಯರ್ ಪಾಯಿಂಟೂ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅವ್ವ ದಿನಾ ಬಗ್ಗಿ ಬಟ್ಟೆ ತೆಗೀಬೇಕು. ಅವರ ಮೊಣಕಾಲು ನೋವು ನಿಮಗೇ ಗೊತ್ತಲ್ಲ.

ನಾನು ಭಾನುವಾರ ಬೆಳಿಗ್ಗೆ ವಿಜಯಪುರದಿಂದ ಬಸ್ಸು ಹತ್ತುತ್ತೀನಿ, ಊಟದ ಹೊತ್ತಿಗೆ ನವನಗರದಲ್ಲಿ ಇರ್ತೀನಿ. ಅಷ್ಟರೊಳಗೆ ಹಾಳೆಯ ಪರೀಕ್ಷೆ ಮಾಡಿ, ಒದ್ದೆ ಎಲ್ಲಿದೆ ಅಂತ ಫೋಟೋ ಹಾಕಿ. ಮಷೀನಿನ ಹಿಂದೆ ಮಾಡೆಲ್ ನಂಬರಿನ ಸ್ಟಿಕ್ಕರ್ ಇರುತ್ತೆ, ಅದರದೂ ಒಂದು ಫೋಟೋ ಬೇಕು. ಆ ಮಾಡೆಲ್ಲಿನ ಪೈಪು, ಕ್ಲಿಪ್ಪು ಇಲ್ಲಿಂದಲೇ ತರ್ತೀನಿ. ಅಲ್ಲಿಯ ತನಕ ಬಟ್ಟೆ ಕೈಯಲ್ಲೇ ಒಗೆಯಿರಿ. ದಪ್ಪ ಬಟ್ಟೆ ಇದ್ದರೆ ಒಂದು ಕಡೆ ಕಟ್ಟಿ ಇಡಿ, ನಾನು ಬಂದ ಮೇಲೆ ನೋಡೋಣ.